ದೋಚಿಸಿಕೊಂಡವರು ಯಾರು

ನನ್ನ ಗಂಡನ ಊರಿಗೆ ವರ್ಷಕ್ಕೊಂದು ದಿನ ಕಡಲು ಬರುತ್ತದೆ. ಬೆಳಗಾಗುವ ಹೊತ್ತಿಗೆ ಬಂದು ಅಗಸೆಬಾಗಿಲ ಕೆಳಗಿನ ಮೆಟ್ಟಿಲಿಗೆ ನಿಂತು, ಹೊತ್ತು ಮುಳುಗುವಾಗ ಹೊರಟುಹೋಗುತ್ತದೆ. ಉಳಿದ ದಿನಗಳಲ್ಲಿ ಅಲ್ಲಿರುವುದು ಕಣ್ಣು ಹಾಯುವವರೆಗೆ ಎರೆಹೊಲ, ಜೋಳ, ಕುಸುಬಿ, ನಡುವೆ ಅಲ್ಲೊಂದು ಇಲ್ಲೊಂದು ಜಾಲಿಗಿಡ. ಮದುವೆಯಾದ ಹೊಸದರಲ್ಲಿ ನಾನು ಬೆರಗಾಗಿ, ಇಷ್ಟು ನೀರು ಎಲ್ಲಿಂದ ಬರುತ್ತದೆ ಎಂದು ಪಕ್ಕದ ಮನೆಯ ಗುರುಸಿದ್ಧವ್ವನನ್ನು ಕೇಳಿದ್ದೆ. ಮೆಂತ್ಯ ಸೊಪ್ಪು ಸೋಸುತ್ತಿದ್ದ ಆ ಮುದುಕಿ ತಲೆ ಕೂಡ ಎತ್ತಲಿಲ್ಲ. "ನಿಮ್ಮೂರಿಗೆ ಮುಂಜಾನಿ ಬಸ್ಸು ಎಲ್ಲಿಂದ ಬರ್ತೈತಿ ಅಂತ ನಾ ನಿನ್ನ ಕೇಳೇನೇನವಾ?" ಎಂದಳು. ಆಮೇಲೆ ನಾನು ಯಾರನ್ನೂ ಕೇಳಲು ಹೋಗಲಿಲ್ಲ.

ಊರಿನವರು ಕಡಲಿಗೆ ಹೊಂದಿಕೊಂಡುಬಿಟ್ಟಿದ್ದಾರೆ. ಹಿಂದಿನ ದಿನವೇ ಹೊಲದ ಬಾವಿಗಳ ಬಾಯಿಗೆ ಚಪ್ಪಡಿ ಎಳೆಯುತ್ತಾರೆ, ದನಕರುಗಳನ್ನು ಊರೊಳಗೆ ಹೊಡೆದುಕೊಂಡು ಬರುತ್ತಾರೆ. ಮರುದಿನ ಜೋಳದ ಸಾಲಿನಲ್ಲಿ ಬಿದ್ದ ಮೀನುಗಳನ್ನು ತಿನ್ನುವವರೂ ಆರಿಸುತ್ತಾರೆ, ತಿನ್ನದವರೂ ಮೂಗಿಗೆ ಸೆರಗು ಹಿಡಿದು ಆರಿಸುತ್ತಾರೆ, ಬಿಟ್ಟರೆ ನಾರುತ್ತದಲ್ಲ. ಬೆಳೆಗೆ ಏನೂ ಆಗುವುದಿಲ್ಲ. ಇಷ್ಟು ವರ್ಷ ಕಡಲು ನೋಡಿದರೂ ಈ ಊರಿನಲ್ಲಿ ಒಬ್ಬರಿಗೂ ಈಜು ಬರುವುದಿಲ್ಲ. ಒಂದು ದಿನದ ನೀರಿಗೆ ಯಾರು ಕಲಿಯುತ್ತಾರೆ ಎನ್ನುತ್ತಾರೆ.

ಕಡಲಿನ ಜೊತೆ ಒಂದು ಹಡಗೂ ಬರುತ್ತದೆ. ಹಳೆಯ ಕಟ್ಟಿಗೆಯ ಹಡಗು, ಕರಿಯ ಹಾಯಿ. ಅದರಲ್ಲಿ ಯಾರೂ ಇರುವುದಿಲ್ಲ. ಹಾಗಾಗಿ ಕಡಲುಗಳ್ಳರ ವೇಷವನ್ನು ಊರಿನವರೇ ಹಾಕಬೇಕು. ಒಂದು ಕಣ್ಣಿಗೆ ಕರಿಯ ಪಟ್ಟಿ, ಸೊಂಟಕ್ಕೆ ಹೆಂಡತಿಯ ಕೆಂಪು ಸೀರೆ, ಕಾಡಿಗೆಯ ಮೀಸೆ, ಕಟ್ಟಿಗೆಯ ಕತ್ತಿ. ತಮಟೆ ಬಾರಿಸುತ್ತ ಓಣಿ ಓಣಿ ತಿರುಗಿ, ಪ್ರತಿ ಮನೆಯ ಮುಂದೆ ನಿಂತು ಒಂದೇ ಪ್ರಶ್ನೆ ಕೇಳುತ್ತಾರೆ: "ಈ ಮನ್ಯಾಗ ದೋಚಿಸಿಕೊಂಡವರು ಯಾರು?" "ನಾನು" ಎಂದವರನ್ನು ಹೊತ್ತುಕೊಂಡು ಹೋಗಿ ಹಡಗು ಹತ್ತಿಸುತ್ತಾರೆ. ಆಮೇಲೆ ಆ ಮನೆಯವರು ದಂಡೆಗೆ ಬಂದು, ಅವರಿಂದ ತಾವು ದೋಚಿದ್ದು ಏನು ಎಂದು ಊರ ಮುಂದೆ ಹೇಳಿ ಹಿಂದಿರುಗಿಸಬೇಕು. ಸರಿಯಾಗಿ ಹೇಳಿದರೆ ಹಡಗಿನ ಹಲಗೆ ತಾನಾಗಿ ಮೆಟ್ಟಿಲಿಗೆ ಇಳಿಯುತ್ತದೆ. ದೋಚಿದ್ದು ಏನೆಂದು ಹತ್ತಿದವರು ಬಾಯಿ ಬಿಡುವಂತಿಲ್ಲ, ಬೇರೆಯವರು ಹೇಳಿಕೊಡುವಂತಿಲ್ಲ, ದೋಚಿದವರೇ ಹೇಳಬೇಕು. ಇಳಿಯದೆ ಉಳಿದವರು ಹೊತ್ತು ಮುಳುಗಿದಾಗ ಹಡಗಿನ ಜೊತೆ ಹೋಗುತ್ತಾರೆ.

ಹಾಗೆ ಹೋದವರು ಕಡಿಮೆ, ಹಿಂದೆ ಬಂದವರಂತೂ ಇಲ್ಲ. ದ್ಯಾಮಣ್ಣನೆಂಬ ಕುಂಬಾರನ ಹೆಂಡತಿ ಹೋಗಿದ್ದಾಳೆ. ಅವನು ಪ್ರತಿ ಹಬ್ಬದಂದು ಎಲ್ಲರಿಗಿಂತ ಮೊದಲು ಬಂದು ಕೆಳಗಿನ ಮೆಟ್ಟಿಲಲ್ಲಿ ನಿಂತು, ಖಾಲಿ ಹಡಗಿಗೆ ಮುಖ ಮಾಡಿ ಹೊಸದೊಂದು ಉತ್ತರ ಹೇಳುತ್ತಾನೆ. ವರ್ಷವಿಡೀ ತಿಗರಿ ತಿರುಗಿಸುತ್ತ ಯೋಚಿಸಿ ಇಟ್ಟುಕೊಂಡ ಉತ್ತರ. ಹೇಳಿ, ಸ್ವಲ್ಪ ಹೊತ್ತು ನೋಡಿ, ಮನೆಗೆ ಹೋಗುತ್ತಾನೆ. ಉಳಿದವರಿಗೆ ಹಬ್ಬ ಅಲ್ಲಿಂದ ಶುರು.

ನಾವು ಇರುವುದು ಬೇರೆ ಊರಿನಲ್ಲಿ, ಆದರೆ ಈ ಹಬ್ಬ ತಪ್ಪಿಸುವುದಿಲ್ಲ. ನನ್ನ ಗಂಡ ಸಂಗನಬಸಪ್ಪ ಎಲ್ಲಿದ್ದರೂ ಹಿಂದಿನ ಸಂಜೆ ಅಕ್ಕನ ಮುಂದೆ ಕುಳಿತು ಉಣ್ಣಬೇಕು. ಅಕ್ಕ ಎಂದರೆ ನೀಲಗಂಗವ್ವ, ಎಲ್ಲರ ಬಾಯಲ್ಲಿ ನೀಲಕ್ಕ. ಆಕೆ ಲಂಗ ಉಡುವ ವಯಸ್ಸಿನಲ್ಲಿದ್ದಾಗ ತಾಯಿ ಜ್ವರ ಬಂದು ತೀರಿಕೊಂಡರು. ನನ್ನ ಗಂಡ ಆಗಿನ್ನೂ ತೊದಲು ಮಾತಿನವನು, ತಂಗಿ ಕಸ್ತೂರಿ ತೊಟ್ಟಿಲ ಕೂಸು. ಮಾವ ಹೊಲ ಬಿಟ್ಟರೆ ಚಾವಡಿ, ಚಾವಡಿ ಬಿಟ್ಟರೆ ಹೊಲ. ಮಕ್ಕಳು ಹೇಗೆ ದೊಡ್ಡವರಾದರೆಂದು ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಬೆಳೆಸಿದ್ದು ನೀಲಕ್ಕ. ಕಸ್ತೂರಿಯ ಮದುವೆ ಮಾಡಿದ್ದು, ಅಳಿಯನನ್ನು ಮನೆಯಲ್ಲೇ ಇರಿಸಿಕೊಂಡಿದ್ದು, ನನ್ನನ್ನು ನೋಡಿ ಒಪ್ಪಿದ್ದು ಎಲ್ಲ ಆಕೆಯೇ.

ಅದಕ್ಕೆ ಅಣ್ಣ ತಂಗಿ ಆಕೆಯನ್ನು ತಲೆಯ ಮೇಲೆ ಹೊತ್ತುಕೊಂಡಿದ್ದರು. ಕಂಡಕಂಡವರ ಮುಂದೆ, "ನಮಗ ಅವ್ವನ ನೆನಪ ಬರದಂಗ ಬೆಳೆಸ್ಯಾಳ" ಎಂದು ಹೇಳಿಕೊಳ್ಳುತ್ತಿದ್ದರು. ಅದಕ್ಕಿಂತ ದೊಡ್ಡ ಹೊಗಳಿಕೆ ಅವರಿಗೆ ಗೊತ್ತಿರಲಿಲ್ಲ. ಮನೆ ಹೊಸದಾಗಿ ಕಟ್ಟಿದಾಗ ಪಡಸಾಲೆಯ ಗೋಡೆಯಿಂದ ತಾಯಿಯ ಸಣ್ಣ ಫೋಟೊ ತೆಗೆದು, ಆ ಜಾಗದಲ್ಲಿ ನೀಲಕ್ಕನ ದೊಡ್ಡ ಫೋಟೊ ಕಟ್ಟು ಹಾಕಿಸಿ ತೂಗುಹಾಕಿದರು. ನೀಲಕ್ಕ ಅದನ್ನು ಸ್ವಲ್ಪ ಹೊತ್ತು ನೋಡಿ, "ಚಂದ ಐತಿ" ಎಂದು ಒಲೆಯ ಕಡೆ ಹೋದಳು. ನಮ್ಮ ಮಗಳು ಹುಟ್ಟಿದಾಗ ಆ ಕಡೆಯ ರೂಢಿಯಂತೆ ಸತ್ತ ಅಜ್ಜಿಯ ಹೆಸರಿಡಬೇಕಿತ್ತು. ಇವರು ನೀಲಾ ಎಂದಿಟ್ಟರು. ಮಗು ಅತ್ತೆ ಎನ್ನಬೇಕಾದವಳನ್ನು ಆಯಿ, ಎಂದರೆ ಅಜ್ಜಿ, ಎಂದು ಕರೆಯುವಂತೆ ಕಲಿಸಿದರು. ತೀರಿಕೊಂಡ ನನ್ನ ಅತ್ತೆಯ ದಿನಕ್ಕೆ ಹೋಳಿಗೆ ಮಾಡಬೇಕೇ ಎಂದು ಮದುವೆಯಾದ ಹೊಸದರಲ್ಲಿ ನಾನೊಮ್ಮೆ ಕೇಳಿದಾಗ ಕಸ್ತೂರಿ ನಕ್ಕು, "ನಮ್ಮವ್ವ ಕಣ್ಮುಂದ ಅದಾಳಲ್ಲ ವೈನಿ, ಯಾರ ದಿನಾ ಮಾಡೂದು?" ಎಂದಿದ್ದಳು. ಎಲ್ಲರೂ ನಕ್ಕರು. ನೀಲಕ್ಕ ಕೂಡ ನಕ್ಕು, ಕೊಡ ಎತ್ತಿಕೊಂಡು ನೀರಿಗೆ ಹೋದಳು. ಕೊಡದಲ್ಲಿ ನೀರಿತ್ತು. ನಾನು ನೋಡಿದ್ದೆ, ಆದರೆ ಹೊಸ ಸೊಸೆ, ಬಾಯಿ ಮುಚ್ಚಿಕೊಂಡಿದ್ದೆ.

ಈ ಸಲದ ಹಬ್ಬದ ಬೆಳಿಗ್ಗೆ ನೀಲಕ್ಕ ಎಂದಿನಂತೆ ಕಟ್ಟೆಯ ಮೇಲೆ ಕುಳಿತು ನಮ್ಮೆಲ್ಲರ ತಲೆ ಬಾಚಿದಳು. ಅದೊಂದು ಆಕೆಯ ಕೆಲಸ, ಬೇರೆಯವರಿಗೆ ಬಿಡುತ್ತಿರಲಿಲ್ಲ. ಆದರೆ ಆಕೆ ಹಾಕಿದ ಹೆರಳು ಮಧ್ಯಾಹ್ನದವರೆಗೆ ನಿಲ್ಲುವುದಿಲ್ಲ. ಅಷ್ಟು ಸಡಿಲ.

"ಬಿಗಿ ಹಾಕು ಆಯಿ, ಬಿಚ್ಚಿ ಹೋಗ್ತೈತಿ," ಎಂದಳು ನನ್ನ ಮಗಳು.

"ಬ್ಯಾಡ ಕೂಸ, ನೋಯ್ತೈತಿ."

"ನೋಯಂಗಿಲ್ಲ."

"ನಿನಗೇನ ಗೊತ್ತೈತಿ," ಎಂದು ನೀಲಕ್ಕ ಮೆಲ್ಲಗೆ ರಿಬ್ಬನ್ ಕಟ್ಟಿದಳು. ತನ್ನ ಕೂದಲನ್ನು ಮಾತ್ರ ಆಕೆ ಎಂದೂ ಹೆಣೆದದ್ದಿಲ್ಲ. ಕೈಗೆ ಸುತ್ತಿ ತುರುಬು ಮಾಡಿ ಬಿಡುತ್ತಿದ್ದಳು.

ಅಷ್ಟರಲ್ಲಿ ಓಣಿಯ ತುದಿಯಲ್ಲಿ ತಮಟೆಯ ಸದ್ದಾಯಿತು. ಮಗಳು ಎದ್ದು ನಿಂತಳು. ಹೋದ ವರ್ಷವೇ ಹಡಗು ಹತ್ತಬೇಕೆಂದು ಹಟ ಮಾಡಿದ್ದಳು, ಈ ವರ್ಷ ಹತ್ತಿಸುವುದಾಗಿ ಅಪ್ಪ ಮಾತು ಕೊಟ್ಟಿದ್ದ. ಅವಳಿಂದ ದೋಚಿದ್ದು ಅವಳ ಪೀಪಿ ಎಂದು ಹೇಳಬೇಕೆಂದೂ ತೀರ್ಮಾನವಾಗಿತ್ತು. ನಿದ್ದೆಗೇಡು ಎಂದು ಅದನ್ನು ನಾನೇ ಕಸಿದು ಅಡಗಿಸಿಟ್ಟಿದ್ದೆ.

ಈ ವರ್ಷದ ಕಳ್ಳರ ನಾಯಕ ಮೌನೇಶ ಬಡಿಗೇರ. ಬಾಗಿಲು ಮಂಚ ಮಾಡುವ ಸಾಧು ಮನುಷ್ಯ; ಮಕ್ಕಳು ಹೆದರಲಿ ಎಂದು ಹುಬ್ಬು ಗಂಟು ಹಾಕಿದರೆ ಕಾಡಿಗೆಯ ಮೀಸೆ ಒಂದು ಕಡೆ ಕೆನ್ನೆಗೆ ಇಳಿದಿತ್ತು. ನಮ್ಮ ಕಟ್ಟೆಯ ಮುಂದೆ ಕತ್ತಿ ನೆಟ್ಟು ಗರ್ಜಿಸಿದ: "ಈ ಮನ್ಯಾಗ ದೋಚಿಸಿಕೊಂಡವರು ಯಾರು?"

ಮಗಳು ಬಾಯಿ ತೆರೆಯುವುದರೊಳಗೆ ನೀಲಕ್ಕ ಬಾಚಣಿಕೆಯನ್ನು ಕಟ್ಟೆಯ ಮೇಲಿಟ್ಟು, "ನಾನು" ಎಂದಳು.

ಎಲ್ಲರೂ ಗೊಳ್ಳೆಂದು ನಕ್ಕೆವು. ಕಸ್ತೂರಿ ಚಪ್ಪಾಳೆ ತಟ್ಟಿದಳು. ಮಗಳು ಮಾತ್ರ ಮುಖ ಊದಿಸಿಕೊಂಡು ಅಪ್ಪನ ಕಾಲಿಗೆ ಗುದ್ದಿದಳು. ಮೌನೇಶನಿಗೂ ನಗು. "ಯಕ್ಕಾ, ನಿನ್ನ ಹೊರಾಕ ನಮ್ಮ ಹುಡುಗರಿಗೆ ಸೊಂಟ ಇಲ್ಲವಾ," ಎಂದ.

"ಹೊರೂದು ಬ್ಯಾಡ. ನಡಕೋತ ಬರ್ತೀನಿ," ಎಂದು ನೀಲಕ್ಕ ಚಪ್ಪಲಿ ಮೆಟ್ಟಿದಳು. ಆಕೆಯ ಮುಖದಲ್ಲಿ ನಗು ಇರಲಿಲ್ಲ.

ದಂಡೆಯಲ್ಲಿ ಜಾತ್ರೆಯಂತೆ ಜನ. ಮಂಡಕ್ಕಿ, ಮಿರ್ಚಿ, ಬಣ್ಣದ ಕಣ್ಣುಪಟ್ಟಿ, ಹೆಗಲಿಗೆ ಕಟ್ಟಿಕೊಳ್ಳುವ ಬಟ್ಟೆಯ ಗಿಣಿ. ಕೆಲಸ ಒಂದೊಂದಾಗಿ ನಡೆಯಿತು. ಒಬ್ಬ ಮೊಮ್ಮಗ, "ಅಜ್ಜನ ಕಡ್ಡಿಪೆಟ್ಟಿಗಿ ನಾನ ಅಡಗಿಸಿದ್ದೆ" ಎಂದು ಒಪ್ಪಿ ಕೊಟ್ಟ. ಹಲಗೆ ಇಳಿಯಿತು, ಅಜ್ಜ ಇಳಿದು ಬಂದ. ಒಬ್ಬ ಅತ್ತೆ ಬಹಳ ಹೊತ್ತು ಕೆಮ್ಮಿ, "ಸೊಸಿ ಮಾಡಿದ ಅಡಗಿ ನಾ ಮಾಡಿದ್ದಂತ ಬೀಗರ ಮುಂದ ಹೇಳಿದ್ದೆ" ಎಂದಳು. ಜನ ಶಿಳ್ಳೆ ಹಾಕಿದರು. ಹಲಗೆ ಇಳಿಯಿತು. ಹತ್ತಿದವರೆಲ್ಲ ಹೀಗೆ ಇಳಿದು ಇಳಿದು, ಹೊತ್ತು ಬಾಗುವಾಗ ಹಡಗಿನ ಅಂಚಿನಲ್ಲಿ ನಿಂತವಳು ನೀಲಕ್ಕ ಒಬ್ಬಳೇ.

ನಮ್ಮವರು ಕೊನೆಯವರಾಗಿ ನಿಂತದ್ದು ಸೊಕ್ಕಿನಿಂದಲ್ಲ, ನಂಬಿಕೆಯಿಂದ. ಕಸ್ತೂರಿ ಕಣ್ಣೀರು ಒರೆಸಿಕೊಳ್ಳುತ್ತಲೇ ಮುಂದೆ ಹೋದಳು. ಇಷ್ಟು ದಿನ ಹೇಳಲಾಗದ್ದನ್ನು ಹೇಳುವ ಸುಖದ ಅಳು ಅದು.

"ಅಕ್ಕಾ, ನಿನ್ನ ಮದುವಿ. ನಮ್ಮ ಸಲುವಾಗಿ ನೀ ಮದುವಿ ಬಿಟ್ಟಿ. ಅದನ್ನ ನಾವು ದೋಚೇವಿ."

ಹಲಗೆ ಅಲುಗಲಿಲ್ಲ. ನೀಲಕ್ಕ ತಂಗಿಯನ್ನು ನೋಡಿ, ತಪ್ಪು ಲೆಕ್ಕ ಮಾಡಿದ ಮಗುವನ್ನು ನೋಡುವಂತೆ ಸಣ್ಣಗೆ ನಕ್ಕಳು. ಜನರಲ್ಲಿ ಗುಸುಗುಸು ಎದ್ದಿತು. ಕಸ್ತೂರಿಯ ಮುಖ ಸಪ್ಪಗಾಯಿತು.

ನನ್ನ ಗಂಡ ಮುಂದೆ ಬಂದ. "ನಿನ್ನ ಸಾಲಿ ಅಕ್ಕಾ. ಮಾಸ್ತರ ಮನೀತನಾ ಬಂದು ಕೇಳಿದ್ರಂತ. ನೀ ಹೋಗಲಿಲ್ಲ. ನಾ ಕಲತೆ."

ಹಲಗೆ ಕಿರ್ರೆಂದಿತು, ಒಂದು ಗೇಣಿನಷ್ಟು ಇಳಿದು ನಿಂತಿತು. ಸುಳ್ಳಲ್ಲ, ಆದರೆ ಅದಲ್ಲ. ಅಲ್ಲಿಂದ ಇಬ್ಬರೂ ಸರದಿಯಂತೆ ಹೇಳತೊಡಗಿದರು. ನಿನ್ನ ನಿದ್ದಿ, ನಿನ್ನ ಬಂಗಾರ, ನಿನ್ನ ಗೆಳತ್ಯಾರು, ನಿನ್ನ ಬಿಸಿ ರೊಟ್ಟಿ. ಒಂದಕ್ಕೂ ಹಲಗೆ ಜಗ್ಗಲಿಲ್ಲ. ಸೂರ್ಯ ಕೆಂಪಾದ. ಮೌನೇಶ ಕಣ್ಣಿನ ಪಟ್ಟಿ ಕಿತ್ತು ಕಿಸೆಗೆ ಹಾಕಿಕೊಂಡು, ನಾಯಕನ ದನಿ ಬಿಟ್ಟು ತನ್ನ ದನಿಯಲ್ಲೇ ಹೇಳಿದ: "ಸಂಗಣ್ಣ, ಲಗೂ ಮಾಡೋ. ನೀರು ತಿರಗಾಕ ಹತ್ತೈತಿ."

ಕೆಳಗಿನ ಮೆಟ್ಟಿಲು ಹಸಿಯಾಗಿ ಹೊರಗೆ ಕಾಣಿಸಿತು. ಬೆಳಿಗ್ಗೆ ಮನೆಗೆ ಹೋಗಿದ್ದ ಕುಂಬಾರ ದ್ಯಾಮಣ್ಣ ಯಾವಾಗ ಬಂದು ನಿಂತಿದ್ದನೋ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದ. ಅವನನ್ನು ಕಂಡು ನನ್ನ ಗಂಡ ಧಡಕ್ಕನೆ ಮುಂದೆ ನುಗ್ಗಿದ. ನೀರಿಗೆ ಎರಡು ಹೆಜ್ಜೆ ಇಳಿದು, ದನಿ ಬಿರಿಯುವಂತೆ ಕೂಗಿದ:

"ನೀ ಹ್ವಾದ್ರ ನಮಗ ಯಾರದಾರ ಅಕ್ಕಾ? ನೀನ ನಮ್ಮವ್ವ! ನಮಗ ಬ್ಯಾರೆ ಅವ್ವ ಇಲ್ಲ!"

ಹಲಗೆ ಮೇಲೆದ್ದು ಹಡಗಿನ ಮೈಗೆ ದಡ್ಡೆಂದು ಬಡಿಯಿತು. ನೀಲಕ್ಕ ನಮ್ಮ ಕಡೆ ಬೆನ್ನು ಮಾಡಿ ಕಡಲಿನ ಕಡೆ ತಿರುಗಿ ನಿಂತಳು.

ನನಗೆ ಕೋಪ ಉಕ್ಕಿತು. ಗಂಡನ ಮೇಲೋ, ನಾದಿನಿಯ ಮೇಲೋ, ಇಷ್ಟು ವರ್ಷ ಮುಚ್ಚಿಕೊಂಡಿದ್ದ ನನ್ನ ಬಾಯಿಯ ಮೇಲೋ ತಿಳಿಯಲಿಲ್ಲ. ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಗುರುಸಿದ್ಧವ್ವ ನನ್ನ ರಟ್ಟೆ ಹಿಡಿದಳು. "ನೀ ಹೇಳಂಗಿಲ್ಲವಾ. ನೀ ಹೇಳಿದ್ರ ಅಕಿ ಹ್ವಾದಂಗನ."

ನನ್ನ ಗಂಡ ಹಸಿ ಮೆಟ್ಟಿಲ ಮೇಲೆ ಕುಸಿದು ಕುಳಿತ. ಮೇಲೆದ್ದ ಹಲಗೆಯನ್ನು ನೋಡಿದ, ತನ್ನ ಅಂಗೈ ನೋಡಿಕೊಂಡ. ತಂಗಿಯ ಕಡೆ ತಿರುಗಿ ಮೆಲ್ಲಗೆ ಕೇಳಿದ.

"ಕಸ್ತೂರಿ, ಅವ್ವನ ಫೋಟೊ ಎಲ್ಲೈತಿ?"

"ಯಾವ ಅವ್ವನ್ದು?" ಎಂದಳು ಕಸ್ತೂರಿ.

ಹೇಳಿದ್ದು ತನ್ನ ಕಿವಿಗೇ ಬಿದ್ದು ಅವಳು ಹಾಗೇ ನಿಂತುಬಿಟ್ಟಳು. ಅಣ್ಣ ತಂಗಿ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ನನ್ನ ಗಂಡ ಎದ್ದು, ಈಜು ಬಾರದವನು, ಎದೆಮಟ್ಟದ ನೀರಿಗೆ ನಡೆದುಹೋದ. ಕಸ್ತೂರಿಯೂ ಸೀರೆ ನೆನೆಯುವುದನ್ನು ನೋಡದೆ ಅವನ ಹಿಂದೆ ಇಳಿದಳು. ಈ ಸಲ ಅವನು ಕೂಗಲಿಲ್ಲ. ಒಲೆಯ ಮುಂದೆ ಕುಳಿತು ಮಾತಾಡುವ ದನಿಯಲ್ಲಿ ಹೇಳಿದ.

"ಅಕ್ಕಾ, ನಿಮ್ಮವ್ವನ್ನ ನಾವು ದೋಚಿಬಿಟ್ವಿ. ನಿನ್ನ ನಮ್ಮವ್ವನ್ನ ಮಾಡಕೊಂಡು, ನಿನಗ ಅವ್ವ ಇಲ್ಲದಂಗ ಮಾಡಿದ್ವಿ. ಗ್ವಾಡಿಮ್ಯಾಗಿಂದ ತಗದ್ವಿ, ಅಕಿ ದಿನಾ ಬಿಟ್ವಿ, ಅಕಿ ಹೆಸರಾ ನುಂಗಿದ್ವಿ. ನೀ ಅಕಿ ಸಲುವಾಗಿ ಅಳಾಕ ಮನ್ಯಾಗ ಒಂದು ಮೂಲಿ ಬಿಡಲಿಲ್ಲ."

ನೀಲಕ್ಕ ತಿರುಗಲಿಲ್ಲ. ಹಲಗೆ ಅರ್ಧ ಇಳಿದು ನಿಂತಿತು. ಹೇಳಿದ್ದಾಯಿತು, ಇನ್ನು ಹಿಂದಿರುಗಿಸಬೇಕು. ಸತ್ತ ತಾಯಿಯನ್ನು ಹೇಗೆ ಹಿಂದಿರುಗಿಸುತ್ತಾರೆ? ನನಗೂ ತೋಚಲಿಲ್ಲ. ಅವನಿಗೆ ಹೇಗೆ ತೋಚಿತೋ.

"ನಿಮ್ಮವ್ವ ಹೆಂಗಿದ್ಲಕ್ಕಾ?" ಎಂದು ಕೇಳಿದ. "ನಮಗ ಗೊತ್ತಿಲ್ಲ. ನೀನ ಹೇಳಬೇಕು."

ನೀರು ಹಿಂದೆ ಸರಿಯುವ ಸದ್ದು ಕೇಳುತ್ತಿತ್ತು. ನೀಲಕ್ಕ ನಿಧಾನವಾಗಿ ಈ ಕಡೆ ತಿರುಗಿದಳು.

"ಸಿಡುಕಿ ಇದ್ಲು," ಎಂದಳು. "ಬಾಳ ಸಿಡುಕಿ. ರೊಟ್ಟಿ ಸೀದ್ರ ಸೌಟಿಲೆ ಹೊಡೀತಿದ್ಲು."

ಯಾರೋ ನಕ್ಕರು, ನಕ್ಕವರೇ ಬಿಕ್ಕಿದರು.

"ಹೆರಳಾ ಹೆಂಗ ಹಾಕ್ತಿದ್ಲಂದ್ರ, ಕಣ್ಣು ಮ್ಯಾಲ ಜಗ್ಗತಿದ್ವು. ಅಷ್ಟು ಬಿಗಿ. ನಾ ಅತ್ತರ ಇನ್ನಾ ಜಗ್ಗತಿದ್ಲು. ಸಂಜೀತನಾ ಒಂದು ಎಳಿ ಬಿಚ್ಚತಿರಲಿಲ್ಲ." ಆಕೆ ಸೆರಗನ್ನು ಮುಷ್ಟಿಯಲ್ಲಿ ಹಿಡಿದಳು. "ಸತ್ತ ದಿನಾ ಮುಂಜಾನೇನೂ ಹಾಕಿದ್ಲು. ಜ್ವರದಾಗ, ಕುಂಡ್ರಾಕ ಆಗವಲ್ದು, ಆದ್ರೂ ಹಾಕಿದ್ಲು. ಅದು ಬಿಚ್ಚಬಾರದಂತ ನಾ ಬಾಳ ದಿನಾ ತಲಿ ಎರಕೊಳ್ಳಲಿಲ್ಲ. ಆಮ್ಯಾಲ ನೀವು ಕೈಯಾಡಿಸಿ ಆಡಿಸಿ ಬಿಚ್ಚಿಬಿಟ್ರಿ."

ಹಲಗೆ ಮೆಟ್ಟಿಲಿಗೆ ತಾಗಿತು. ಎಷ್ಟು ಮೆತ್ತಗೆ ತಾಗಿತೆಂದರೆ ಸದ್ದು ಕೂಡ ಆಗಲಿಲ್ಲ.

ನೀಲಕ್ಕ ಅಳುತ್ತ ಇಳಿದು ಬಂದಳು. ಮುಖ ಮುಚ್ಚಿಕೊಳ್ಳಲಿಲ್ಲ, ಸೆರಗಿನಿಂದ ಒರೆಸಿಕೊಳ್ಳಲಿಲ್ಲ. ಲಂಗ ಉಟ್ಟ ಹುಡುಗಿ ಅಳುವಂತೆ ಬಾಯಿ ತೆರೆದು, ಊರ ಮುಂದೆ, ಅವ್ವಾ ಎಂದು ಕರೆದು ಅತ್ತಳು. ಯಾರೂ ಸಮಾಧಾನ ಮಾಡಲು ಹೋಗಲಿಲ್ಲ. ಗುರುಸಿದ್ಧವ್ವ ನನ್ನ ರಟ್ಟೆ ಬಿಟ್ಟು ತನ್ನ ಕಣ್ಣು ಒರೆಸಿಕೊಂಡಳು. "ಅವತ್ತ ಹೆಣದ ಮುಂದ, ಅಳಬ್ಯಾಡ, ಸಣ್ಣವು ಅಂಜತಾವ ಅಂತ ನಾವ ಹೇಳಿದ್ವಿ," ಎಂದಳು. "ಬಾಳ ಛಲೋ ಹುಡುಗಿ, ಹೇಳಿದ್ದ ಕೇಳಿದ್ಲು."

ಹಿಂದೆ ಕಡಲು ಹೊರಟಿತು, ಖಾಲಿ ಹಡಗು ಅದರ ಜೊತೆ ಹೊರಟಿತು. ಯಾರೂ ತಿರುಗಿ ನೋಡಲಿಲ್ಲ, ದ್ಯಾಮಣ್ಣನೊಬ್ಬನನ್ನು ಬಿಟ್ಟು.

ಮನೆಗೆ ಬಂದ ಕೂಡಲೆ ನನ್ನ ಗಂಡ ಒದ್ದೆ ಬಟ್ಟೆಯಲ್ಲೇ ಅಟ್ಟ ಹತ್ತಿ, ಹಳೆ ಚಾಪೆಗಳ ಸಂದಿಯಿಂದ ಫೋಟೊ ಹುಡುಕಿ ತಂದ. ಒಂದು ಮೂಲೆ ಇಲಿ ತಿಂದಿತ್ತು. ನನ್ನ ಅತ್ತೆಯ ಮುಖವನ್ನು ನಾನು ಸರಿಯಾಗಿ ನೋಡಿದ್ದು ಆಗಲೇ. ಸಣ್ಣ ಮುಖ, ಗಂಟಿಕ್ಕಿದ ಹುಬ್ಬು. ಫೋಟೊ ತೆಗೆಯುವವನ ಮೇಲೂ ಸಿಡುಕಿದ್ದಿರಬೇಕು. ನನ್ನ ಗಂಡ ನೀಲಕ್ಕನ ದೊಡ್ಡ ಫೋಟೊಗೆ ಕೈ ಹಾಕಿದಾಗ ಆಕೆ, "ಅದು ಇರಲಿ ಬಿಡೋ, ಬಾಜೂಕ ಹಚ್ಚು," ಎಂದಳು. ಕಸ್ತೂರಿ ದೀಪ ಹಚ್ಚಿ ಫೋಟೊದ ಕೆಳಗೆ ಇಟ್ಟಳು. ನನ್ನ ಮಗಳು ನೋಡಿ, "ಇಕಿ ಯಾರು?" ಎಂದು ಕೇಳಿದಳು. "ನಿಮ್ಮ ಆಯಿ," ಎಂದಳು ನೀಲಕ್ಕ. "ನಾ ನಿಮ್ಮ ಅತ್ತಿ."

ನಾನು ಒಲೆ ಹಚ್ಚಲು ಎದ್ದೆ. ನೀಲಕ್ಕ ತಡೆದಳು. ಕಟ್ಟೆಯ ಮೇಲೆ ಬೆಳಿಗ್ಗೆ ಬಿಟ್ಟು ಹೋಗಿದ್ದ ಬಾಚಣಿಕೆಯನ್ನು ತಂದು ನನ್ನ ಕೈಗೆ ಕೊಟ್ಟು, ನನ್ನ ಮುಂದೆ ಬೆನ್ನು ಮಾಡಿ ನೆಲದ ಮೇಲೆ ಕುಳಿತಳು. ತುರುಬು ಬಿಚ್ಚಿದಳು. ಅಷ್ಟು ಉದ್ದದ ಕೂದಲು ಅದರಲ್ಲಿ ಸುತ್ತಿಕೊಂಡಿತ್ತೆಂದು ನನಗೆ ಗೊತ್ತಿರಲಿಲ್ಲ. ಅರ್ಧಕ್ಕಿಂತ ಹೆಚ್ಚು ಬೆಳ್ಳಗಾಗಿತ್ತು.

"ಹೆರಳಾ ಹಾಕು, ಪ್ರಭಾ."

ನಾನು ಸಿಕ್ಕು ಬಿಡಿಸಿ, ಮೂರು ಪಾಲು ಮಾಡಿ ಹೆಣೆಯತೊಡಗಿದೆ.

"ಬಿಗಿ ಹಾಕು."

ಎಳೆದು ಹಾಕಿದೆ.

"ಇನ್ನಾ ಬಿಗಿ."

ನನ್ನ ಬೆರಳು ಕೆಂಪಾಗುವಂತೆ ಜಗ್ಗಿದೆ. ಆಕೆಯ ಹಣೆಯ ಚರ್ಮ ಮೇಲಕ್ಕೆ ಎಳೆಯಿತು, ಕಣ್ಣಿನ ಅಂಚಿನಲ್ಲಿ ನೀರು ತುಂಬಿತು. ನನ್ನ ಕೈ ತಡೆಯಿತು.

"ನೋಯ್ತೈತೇನ್ರಿ ಅಕ್ಕಾರ?"

"ಹ್ಞೂಂ," ಎಂದಳು ನೀಲಕ್ಕ. "ನೋಯ್ಲಿ. ಜಗ್ಗು."